ಹಳೆಯ ಹಾಜರಿ ಎಂಬ ಕಾರಿನ ಗೇಮು

ಶುಕ್ರವಾರ ಸಂಜೆ ಐದೂವರೆಗೆ ಹೊಲಿಗೆ ಕಾರ್ಖಾನೆಯ ಆಡಳಿತವು ನೂರ ಎಂಬತ್ತಾರು ಕೆಲಸಗಾರರ ಹನ್ನೊಂದು ವರ್ಷದ ಹಾಜರಿಯನ್ನು ಅಳಿಸಿತು. ಗೇಟಿನ ಹಲಗೆಗೆ ಒಂದು ಚೀಟಿ ಅಂಟಿಸಿತು: "ಕಂಪ್ಯೂಟರ್ ಕೆಟ್ಟು ಹಳೆಯ ಹಾಜರಿ ನಾಶವಾಗಿದೆ. ಸೋಮವಾರದಿಂದ ಎಲ್ಲರನ್ನೂ ಹೊಸದಾಗಿ ಸೇರಿದವರೆಂದು ಪರಿಗಣಿಸಲಾಗುವುದು."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಆ ಹಾಜರಿಯನ್ನು ಹನ್ನೊಂದು ವರ್ಷವೂ ಬರೆದಿದ್ದ ಗುಮಾಸ್ತ ತನ್ನ ಮನೆಯ ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಹೊಸ ಗೇಮಿಂಗ್ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚುತ್ತಿದ್ದ.

ಕಾರ್ಖಾನೆಯಲ್ಲಿ ಅವನನ್ನು ಹಾಜರಿಯಣ್ಣ ಎನ್ನುತ್ತಿದ್ದರು. ಅಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಉಳಿದಿರಲಿಲ್ಲ. ಗುಂಡಿ ಹಚ್ಚುವವಳು ಗುಂಡಿಯಕ್ಕ, ಜೇಬು ಕೂರಿಸುವವಳು ಜೇಬಕ್ಕ, ಕಾಲರ್ ಹೊಲಿಯುವವಳು ಕಾಲರಕ್ಕ. ಈ ಕಾಲರಕ್ಕನೇ ಹಾಜರಿಯಣ್ಣನ ಹೆಂಡತಿ. ಹನ್ನೊಂದು ವರ್ಷದಿಂದ ಎಲ್ಲೆಲ್ಲಿಯ ಗಂಡಸರ ಕತ್ತಿನ ಸುತ್ತ ನೆಟ್ಟಗೆ ನಿಲ್ಲುವ ಕಾಲರು ಹೊಲಿದುಕೊಟ್ಟ ಅವಳ ಕತ್ತು ಮಾತ್ರ ಬಗ್ಗಿಯೇ ಉಳಿದಿತ್ತು.

"ಊರು ಹತ್ತಿ ಉರಿಯುವಾಗ ಬೀಡಿ ಹಚ್ಕೊಂಡ್ನಂತೆ ಒಬ್ಬ," ಎಂದು ಅವಳು ನಡುಮನೆಯಿಂದಲೇ ಕೂಗಿದಳು. "ನಾಳೆಯಿಂದ ನಾನು ಹೊಸಬಳಂತೆ ರೀ! ನನ್ನ ಕೈಯಲ್ಲಿ ಕಲಿತ ಹುಡುಗಿ ಪಕ್ಕ ನಾನೂ ಕಲಿಯೋಳ ಥರ ಕೂರಬೇಕಂತೆ! ನಿಮಗೆ ಆಟ!"

"ಕಂಪ್ಯೂಟರ್ ಕೆಟ್ಟರೆ ಯಾರೇನು ಮಾಡೋಕಾಗುತ್ತೆ ಕಣೇ?" ಎಂದ ಹಾಜರಿಯಣ್ಣ. ಕಂಪ್ಯೂಟರ್ ಕೆಟ್ಟಿದ್ದನ್ನು ಅವನು ನೋಡಿರಲಿಲ್ಲ. ಶುಕ್ರವಾರ ಮಧ್ಯಾಹ್ನವೇ ಮ್ಯಾನೇಜರು ಅವನ ಬೆನ್ನು ತಟ್ಟಿ ಮನೆಗೆ ಕಳಿಸಿದ್ದರು. ಮ್ಯಾನೇಜರು ಹೇಳಿದ ಮೇಲೆ ಅವನ ಮಟ್ಟಿಗೆ ಅದು ಕೆಟ್ಟಂತೆಯೇ.

ಹಾಜರಿಯಣ್ಣ ಹುಟ್ಟಿದಾಗಿನಿಂದ ಸೈಕಲ್ಲಿಗಿಂತ ಜೋರಾಗಿ ಓಡುವ ಯಾವುದನ್ನೂ ಓಡಿಸಿದವನಲ್ಲ. ಪರದೆಯ ಮೇಲಾದರೂ ಒಮ್ಮೆ ಇನ್ನೂರರ ವೇಗದಲ್ಲಿ ಹೋಗಬೇಕು, ಎಲ್ಲಿಗೆ ಹೊರಟೆ ಎಂದು ಯಾರೂ ಕೇಳಬಾರದು ಎಂಬುದೊಂದೇ ಅವನ ಆಸೆ. ಅದಕ್ಕಾಗಿ ಮೂರು ವರ್ಷ ಹಲ್ಲು ಕಚ್ಚಿ ಕೂಡಿಟ್ಟು ಈ ಕಂಪ್ಯೂಟರ್ ತಂದಿದ್ದ. ಆದರೆ ಕಾರಿನ ಗೇಮು ಆನೆಯ ಗಾತ್ರ, ಮನೆಯ ನೆಟ್ಟು ಇರುವೆಯ ಗಾತ್ರ. ಹೀಗಾಗಿ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಕದ್ದುಮುಚ್ಚಿ ಒಂಬತ್ತು ದಿನ ಅದನ್ನು ಇಳಿಸಿಕೊಂಡ. ಯಾರೂ ಕಣ್ಣೆತ್ತಿ ನೋಡದ ಜಾಗ ಯಾವುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. "ಹಳೆಯ ಹಾಜರಿ" ಎಂಬ ಫೋಲ್ಡರಿನ ಹೊಟ್ಟೆಯೊಳಗೆ ಗೇಮನ್ನು ಬಚ್ಚಿಟ್ಟ. ಗುರುವಾರ ಮ್ಯಾನೇಜರ ಬೂಟಿನ ಸದ್ದು ಕೇಳಿ, ಗೇಮೊಂದನ್ನೇ ಆರಿಸುವ ವ್ಯವಧಾನವಿಲ್ಲದೆ ಇಡೀ ಫೋಲ್ಡರನ್ನೇ ತನ್ನ ಹೊಸ ಡಿಸ್ಕಿಗೆ ಕಾಪಿಗೆ ಹಾಕಿ, ಮೇಲೆ ಊಟದ ಡಬ್ಬಿ ಮುಚ್ಚಿಟ್ಟು, ಸಂಜೆ ಮನೆಗೆ ತಂದಿದ್ದ. ಮಾರನೆಯ ದಿನ ಅಲ್ಲಿಯ ಕಂಪ್ಯೂಟರೇ ಹೋಯಿತೆಂದು ಕೇಳಿದಾಗ ಅವನಿಗೆ ಮೊದಲು ಹೊಳೆದದ್ದು, ಸದ್ಯ ಗೇಮು ಬದುಕಿಕೊಂಡಿತು ಎಂಬುದು.

ಡಿಸ್ಕನ್ನು ಒಳಗೆ ಕೂರಿಸಿ ಸ್ವಿಚ್ಚು ಒತ್ತಿದ. ಪೆಟ್ಟಿಗೆ ಕೆಂಪು, ನೀಲಿ, ಹಸಿರಾಗಿ ಝಗ್ಗೆಂದಿತು. ಅದೇ ಹೊತ್ತಿಗೆ ಬಾಗಿಲು ತಳ್ಳಿದ ಅವನ ಅತ್ತೆ, ಅಂದರೆ ಕಾಲರಕ್ಕನ ತಾಯಿ, ಎದೆ ಹಿಡಿದುಕೊಂಡು ನೆಲಕ್ಕೆ ಕುಸಿದರು.

"ಅಳಿಯಂದ್ರೇ! ಒಳಗೆ ಬೆಂಕಿ!"

"ಬೆಂಕಿ ಅಲ್ಲ ಅತ್ತೆ, ಲೈಟು."

"ಲೈಟು ಯಾಕೆ ಬುಸುಗುಡುತ್ತೆ?"

"ಅದು ಫ್ಯಾನು."

"ಪೆಟ್ಟಿಗೆಗೇ ಸೆಕೆ ಆಗಿ ಫ್ಯಾನು ಹಾಕ್ಕೊಂಡಿದೆ ಅಂದ್ರೆ ಮನುಷ್ಯರ ಗತಿ ಏನು? ನನ್ನ ಮಾತ್ರೆ ಡಬ್ಬಿ ತನ್ನಿ, ಜೀವ ಹೋಗ್ತಿದೆ."

ಜೀವ ಹೋಗುವ ಸುದ್ದಿ ಮಹಡಿಗೂ ಮುಟ್ಟಿ, ಅಲ್ಲಿ ಬಾಡಿಗೆಗಿದ್ದ, ಇಡೀ ಬೀದಿಗೇ ಮಾವನಾದ ಲೈನ್‌ಮನ್ ಮಾವ ಇಳಿದು ಬಂದರು. ಮೂವತ್ತು ವರ್ಷ ಕರೆಂಟು ಕಂಬ ಹತ್ತಿ ನಿವೃತ್ತರಾದ ಅವರು ಈಗ ಹತ್ತಲು ಕಂಬವಿಲ್ಲದೆ ಅಕ್ಕಪಕ್ಕದವರ ತಲೆಯ ಮೇಲೆ ಹತ್ತುತ್ತಿದ್ದರು. ಬಂದವರೇ ಪ್ಲಗ್ಗಿನ ಮುಂದೆ ಮಂಡಿಯೂರಿ ಟೆಸ್ಟರ್ ಚುಚ್ಚಿದರು.

"ಅರ್ಥಿಂಗ್ ಇಲ್ಲ! ಮಾರಾಯಾ, ಇದು ಕಂಪ್ಯೂಟರ್ ಅಲ್ಲ, ಯಮನ ಕುರ್ಚಿ. ಬ್ಯಾಕಪ್ ತಗೊಂಡಿದ್ದೀಯಾ?"

"ಈಗಷ್ಟೇ ಸ್ವಿಚ್ಚು ಹಾಕಿದೆ ಮಾವ. ಒಂದು ಸುತ್ತು ಕಾರು ಓಡಿಸಿ ಆಮೇಲೆ..."

"ಆಮೇಲೆ ಅಂದವರ ಫ್ರಿಜ್ಜು ಎಷ್ಟು ಸುಟ್ಟಿದೆ ಅಂತ ನನ್ನ ಕೇಳು. ಕರೆಂಟು ಅನ್ನೋದು ಅಳಿಯ ಇದ್ದ ಹಾಗೆ, ಯಾವಾಗ ಮುನಿಸಿಕೊಳ್ಳುತ್ತೋ ಗೊತ್ತಾಗಲ್ಲ. ನಕಲು ಮೂರು ಕಡೆ ಇರಬೇಕು. ಒಂದು ಮಿಶಿನ್ನಲ್ಲಿ, ಒಂದು ಮನೇಲಿ, ಒಂದು ಬೇರೆಯವರ ಮನೇಲಿ. ಏಳು, ನಾನು ಮಾಡ್ತೀನಿ."

ಬೇಡವೆನ್ನುವಷ್ಟರಲ್ಲಿ ಮಾವ ಕುರ್ಚಿಯಲ್ಲಿದ್ದರು. ನಿವೃತ್ತಿಯ ದಿನ ಜೊತೆಗಾರರು ಕೊಟ್ಟಿದ್ದ ಎರಡು ಪೆನ್‌ಡ್ರೈವನ್ನು ಮೇಲಿಂದ ತಂದು, ಫೋಲ್ಡರನ್ನು ಒಂದಾದ ಮೇಲೊಂದಕ್ಕೆ ಸುರಿದರು. ನಡುವೆ ಪರದೆಯ ಮೇಲೆ ಏನೋ ಪ್ರಶ್ನೆ ಬಂತು. ಮಾವ ಕನ್ನಡಕ ಹುಡುಕುವ ಗೋಜಿಗೆ ಹೋಗದೆ "ಸರಿ" ಎಂದು ಒತ್ತಿದರು. ಎರಡನೆಯದಕ್ಕೂ ಪ್ರಶ್ನೆ ಬಂತು, ಅದಕ್ಕೂ "ಸರಿ." ಒಂದು ಪೆನ್‌ಡ್ರೈವ್ ಅವರ ಟೂಲ್ ಡಬ್ಬಿ ಸೇರಿತು, ಇನ್ನೊಂದು ಅತ್ತೆಯ ಮಾತ್ರೆ ಡಬ್ಬಿ. ಹಾಜರಿಯಣ್ಣನಿಗೆ ಕುರ್ಚಿ ಮರಳಿ ಸಿಕ್ಕಾಗ ಮಧ್ಯಾಹ್ನ ಹನ್ನೆರಡು.

ಅಷ್ಟರಲ್ಲಿ ಗುಂಡಿಯಕ್ಕ, ಜೇಬಕ್ಕ ಮತ್ತು ಕಾಲರ್ ಸಾಲಿನ ಏಳು ಹೆಂಗಸರು ನಡುಮನೆಯಲ್ಲಿ ನೆರೆದಿದ್ದರು. ಸೋಮವಾರ ಗೇಟಿನಲ್ಲಿ ಏನು ಹೇಳುವುದು ಎಂಬ ಮಾತು. ಹೇಳುವುದಕ್ಕೆ ಬೇಕಾದಷ್ಟಿತ್ತು, ತೋರಿಸುವುದಕ್ಕೆ ಚೂರೂ ಇರಲಿಲ್ಲ.

"ಒಂದು ಹಾಳೆ ಸಿಕ್ಕಿದ್ರೂ ಸಾಕಿತ್ತು," ಎಂದಳು ಜೇಬಕ್ಕ. "ಬೆರಳಿಗೆ ಸೂಜಿ ಹೊಕ್ಕ ದಿನಾನೂ ರಜೆ ಹಾಕದೆ ಬಂದಿದ್ದೆ. ಅದೆಲ್ಲಾ ಎಲ್ಲೋಯ್ತು?"

"ಹಾಜರಿಯಣ್ಣನ್ನೇ ಕೇಳೋಣ," ಎನ್ನುತ್ತ ಎಲ್ಲರೂ ಒಳಕೋಣೆಗೆ ನುಗ್ಗಿದರು. ಆಟ ಶುರುಮಾಡಲು ಇನ್ನೇನು ಬೆರಳು ಇಳಿಯಬೇಕು ಎನ್ನುವಾಗ ಹಿಂದೆ ಹತ್ತು ಮಂದಿ.

ಕಾಲರಕ್ಕ ಪರದೆಗೆ ಮುಖ ತಂದಳು. "ಇದೇನ್ರೀ ಇದು, ಹಳೆಯ ಹಾಜರಿ?"

"ಅದು... ಗೇಮು."

"ಹಳೆಯ ಹಾಜರಿ ಅನ್ನೋ ಗೇಮಾ?"

"ಕಾರಿನ ಗೇಮು."

"ಕಾರಿಗೂ ಹಾಜರಿ ಹಾಕ್ತಾರಾ? ತೆಗೀರಿ ನೋಡೋಣ."

ತೆಗೆದ. ಗೇಮಿನ ಮೇಲೆ, ವರ್ಷಕ್ಕೊಂದರಂತೆ, ಹನ್ನೊಂದು ಕಡತಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಒಂದನ್ನು ಒತ್ತಿದ. ಸಾಲು ಸಾಲು ಹೆಸರು. ಹಾಜರಿಯಣ್ಣ ಮೌಸು ಬಿಟ್ಟು ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ನನ್ನ ಹೆಸರು," ಎಂದಳು ಜೇಬಕ್ಕ ಪಿಸುದನಿಯಲ್ಲಿ. "ಸೂಜಿ ಹೊಕ್ಕ ದಿನ. ಹಾಜರ್."

"ಸಿಕ್ತೂ!" ಎಂದು ಗುಂಡಿಯಕ್ಕ ಕೂಗಿದಳು. ನೂರೈವತ್ತು ಹೊಲಿಗೆ ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ಅದು. ಕೂಗು ಬೀದಿಯ ಕೊನೆಯಲ್ಲಿದ್ದ ಕಾರ್ಖಾನೆಯ ಕಾವಲುಗಾರನ ಮನೆಗೂ, ಅಲ್ಲಿಂದ ಮ್ಯಾನೇಜರ ಕಿವಿಗೂ ಹೋಯಿತು. ಹೆಂಗಸರು ನಡುಮನೆಗೆ ಹೋಗಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತ ನಗುತ್ತ ಇರುವಾಗಲೇ ಹಾಜರಿಯಣ್ಣನ ಮೊಬೈಲು ಬಡಿದುಕೊಂಡಿತು.

"ಏನಯ್ಯಾ, ಹಳೆಯ ಹಾಜರಿ ಫೋಲ್ಡರ್ ನಿನ್ನ ಮನೇಲಿದೆಯಂತೆ? ಕಚೇರಿ ನೆಟ್ಟಿನ ಲೆಕ್ಕ ನೋಡ್ದೆ, ಒಂಬತ್ತು ದಿನ ಗೇಮ್ ಇಳಿಸಿದ್ದೀಯ."

ಹಾಜರಿಯಣ್ಣ ಕೂತಲ್ಲೇ ಎದ್ದು ನಿಂತ. "ಸಾರ್..."

"ಹೆದರಬೇಡ. ಗೇಮ್ ವಿಷಯ ನಾನು ಮರೀತೀನಿ. ಆ ಫೋಲ್ಡರ್ ಇದೆಯಲ್ಲ, ಅಳಿಸಿಬಿಡು."

"ಸಾರ್, ಅದರಲ್ಲಿ ನನ್ನ ಹೆಂಡತೀದು..."

"ನಿನ್ನ ಹಾಜರಿ ಎಲ್ಲಿದೆ? ನನ್ನ ಸ್ವಂತ ಪುಸ್ತಕದಲ್ಲಿ. ಆ ಗುಂಪಿನ ಜತೆ ನಿನ್ನನ್ನ ಸೇರಿಸಿದ್ದೀನಾ ನಾನು? ನಿನ್ನ ಹನ್ನೊಂದು ವರ್ಷ ಭದ್ರ. ಅಳಿಸು."

ನಿಜವೇ. ಕೆಲಸಕ್ಕೆ ಸೇರಿದ ದಿನ, "ಹಾಜರಿ ಬರೆಯುವವನ ಹಾಜರಿ ನಾನು ಬರೀತೀನಯ್ಯಾ," ಎಂದು ಮ್ಯಾನೇಜರು ಹೇಳಿದ್ದರು. ಆ ಸಂಜೆ ಹಾಜರಿಯಣ್ಣ ಅದನ್ನು ಬಿರುದಿನಂತೆ ಹೊತ್ತು ತಂದು ಹೆಂಡತಿಗೆ ತೋರಿಸಿದ್ದ.

ಹನ್ನೊಂದು ವರ್ಷ "ಆಯ್ತು ಸಾರ್" ಎಂದ ನಾಲಿಗೆ ತಾನಾಗಿಯೇ "ಆಯ್ತು ಸಾರ್" ಎಂದಿತು. ಬೆರಳು ಅದರ ಹಿಂದೆಯೇ ಹೋಯಿತು. "ಶಾಶ್ವತವಾಗಿ ಅಳಿಸಬೇಕೆಂಬುದು ಖಚಿತವೇ?" ಎಂದು ಯಂತ್ರ ಕೇಳಿತು. ಅವನ ಅಭಿಪ್ರಾಯವನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಆ ಮರ್ಯಾದೆಗೆ ಗಲಿಬಿಲಿಗೊಂಡು "ಹೌದು" ಒತ್ತಿದ. ಫೋಲ್ಡರು ಕರಗಿತು. ಅದರ ಹೊಟ್ಟೆಯಲ್ಲಿದ್ದ ಗೇಮೂ ಕರಗಿತು. ಒಂದೇ ಒಂದು ಸುತ್ತೂ ಓಡದ ಕಾರು!

"ರೀ, ನನ್ನ ಪುಟ ಇನ್ನೊಂದ್ಸಲ ತೋರಿಸಿ," ಎನ್ನುತ್ತ ಬಂದ ಕಾಲರಕ್ಕ ಖಾಲಿ ಪರದೆ ನೋಡಿದಳು. ಗಂಡನ ಮುಖ ನೋಡಿದಳು. ಅವನ ಕೈಯಲ್ಲಿ ಇನ್ನೂ ಬೆಳಗುತ್ತಿದ್ದ ಮೊಬೈಲು ನೋಡಿದಳು.

"ಅವರು ಅಳಿಸು ಅಂದ್ರು," ಎಂದ ಹಾಜರಿಯಣ್ಣ.

ಅವಳು ಬೈಯಲಿಲ್ಲ. ಮದುವೆಯಾದ ಮೇಲೆ ಅವಳು ಬೈಯಬೇಕಾದ ಕಡೆ ಬೈಯದೆ ಬಿಟ್ಟದ್ದು ಅದೇ ಮೊದಲು. ಅವಳ ಹಿಂದೆಯೇ ಉಳಿದ ಹೆಂಗಸರೂ ಬಂದು ಬಾಗಿಲಲ್ಲಿ ನಿಂತರು.

"ನಮ್ಮ ಹನ್ನೊಂದು ವರ್ಷ," ಎಂದಳು ಕಾಲರಕ್ಕ. "ಎಷ್ಟು ಹೊತ್ತು ಹಿಡೀತು ರೀ, ಅಳಿಸೋಕೆ?"

"ಯಾಕಮ್ಮಾ ಎಲ್ಲ ಹೆಣ ಕಾಯೋರ ಹಾಗೆ ನಿಂತಿದ್ದೀರಿ?" ಎನ್ನುತ್ತ ಲೈನ್‌ಮನ್ ಮಾವ ಅರ್ಥಿಂಗಿನ ತಂತಿ ಹಿಡಿದು ಒಳಬಂದರು. ವಿಷಯ ಕೇಳಿ ಹುಬ್ಬು ಹಾರಿಸಿದರು. "ಅಳಿಸಿದ್ರೆ ಅಳಿಸ್ಲಿ ಬಿಡಿ. ಅದಕ್ಕಲ್ವಾ ಬ್ಯಾಕಪ್ ಅನ್ನೋದು? ನನ್ನ ಹತ್ರ ಒಂದು, ನಿಮ್ಮಮ್ಮನ ಮಾತ್ರೆ ಡಬ್ಬೀಲಿ ಒಂದು."

ಹೋದ ಉಸಿರು ಹತ್ತು ಮಂದಿಗೂ ಒಟ್ಟಿಗೇ ಬಂತು. ಎಲ್ಲರಿಗಿಂತ ಮೊದಲು ಮಾವನ ಕಾಲಿಗೆ ಬಿದ್ದವನು ಹಾಜರಿಯಣ್ಣ. "ಗೇಮೂ ಇರುತ್ತಲ್ಲ ಮಾವ?"

ಪೆನ್‌ಡ್ರೈವ್ ಚುಚ್ಚಿದರು. ಹನ್ನೊಂದು ಕಡತ, ಒಂದೂ ಮುಕ್ಕಾಗದೆ. ಗೇಮು ಇರಲಿಲ್ಲ.

"ಓಹೋ, ಅದೇ ಇರಬೇಕು ಕೇಳಿದ್ದು," ಎಂದರು ಮಾವ ತಲೆ ಕೆರೆದುಕೊಂಡು. "ಇದಕ್ಕೆ ಜಾಗ ಸಾಲಲ್ಲ, ಬಿಡಲಾ ಅಂತ ಕೇಳಿರುತ್ತೆ. ನಾನು ಸರಿ ಅಂದೆ. ಎರಡನೇದಕ್ಕೂ."

ಹಾಜರಿಯಣ್ಣ ಗೋಡೆಗೆ ಒರಗಿ ಕೂತ. ಹೆಂಗಸರು ತಮ್ಮ ತಮ್ಮ ಹೆಸರು ಹುಡುಕಿ ಓದತೊಡಗಿದರು. ಒಂದರಿಂದ ನೂರ ಎಂಬತ್ತಾರರವರೆಗೆ ಎಲ್ಲರೂ ಇದ್ದರು; ಅವರಲ್ಲದೆ ಸತ್ತವರು, ಬಿಟ್ಟುಹೋದವರೂ ಆಯಾ ದಿನದವರೆಗೆ ಹಾಜರಿದ್ದರು.

ನಾಲ್ಕು ಗಂಟೆಗೆ ಮನೆಯ ಮುಂದೆ ಕಾರು ನಿಂತಿತು. ಮ್ಯಾನೇಜರು ಸಹಿ ಹಾಕಿಸಲು ಹೊಸಬರ ಅರ್ಜಿಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬೂಟು ಬಿಚ್ಚದೆ ಒಳಬಂದರು. ಪರದೆ ನೋಡಿದರು. ಮುಖ ಇಸ್ತ್ರಿ ತಾಗಿದ ಬಟ್ಟೆಯ ಹಾಗೆ ಕಂದಿತು.

"ಅಳಿಸು ಅಂದಿದ್ದೆ."

"ಅಳಿಸಿದೆ ಸಾರ್. ಆಣೆಗೂ. ಮತ್ತೆ ಬಂತು."

"ಇದು ಕಂಪನಿ ಸೊತ್ತು. ಇದರ ನಕಲು ಇನ್ನೆಲ್ಲಿದೆ?"

ಅತ್ತೆ ಮಾತ್ರೆ ಡಬ್ಬಿಯನ್ನು ಸೀರೆಯ ಕೆಳಗೆ ಎಳೆದುಕೊಂಡು ಅದರ ಮೇಲೆಯೇ ಕೂತರು. "ನನ್ನ ಬಿಪಿ ಮಾತ್ರೆ ಇದು. ಮುಟ್ಟಿದ್ರೆ ಇಲ್ಲೇ ಸಾಯ್ತೀನಿ, ಆಮೇಲೆ ನೀವೇ ಹೊರಬೇಕು."

ಮ್ಯಾನೇಜರು ಹಿಂದೆ ಸರಿದರು. ಹತ್ತು ಹೆಂಗಸರು, ಒಬ್ಬ ಲೈನ್‌ಮನ್, ಒಬ್ಬಳು ಮುದುಕಿ. ಅವರ ಕಣ್ಣು ಎಲ್ಲರನ್ನೂ ದಾಟಿ, ಗೋಡೆಗೆ ಒರಗಿದವನ ಮೇಲೆ ನಿಂತಿತು.

"ಸರಿ. ಈ ಪಟ್ಟೀಲಿ ಇದ್ದವರು ಹಳಬರು ಅಂತಲೇ ಇಟ್ಕೊಳ್ಳಿ," ಎಂದರು ನಿಧಾನವಾಗಿ. "ನಿನ್ನ ಹೆಸರು ಎಲ್ಲಿದೆಯಯ್ಯಾ ಇದರಲ್ಲಿ?"

ಹಾಜರಿಯಣ್ಣ ನಕ್ಕ. "ನಂದು ನಿಮ್ಮ ಪುಸ್ತಕದಲ್ಲಿ ಸಾರ್."

"ಯಾವ ಪುಸ್ತಕ?"

ನಗು ಮುಖದ ಮೇಲೆ ಹಾಗೇ ಉಳಿಯಿತು. ಅದನ್ನು ತೆಗೆಯಲು ಅವನಿಗೆ ತೋಚಲಿಲ್ಲ. ಕಾಲರಕ್ಕ ಮೌಸು ಕಿತ್ತುಕೊಂಡು ಹನ್ನೊಂದು ವರ್ಷವನ್ನೂ ಮೇಲಿಂದ ಕೆಳಗೆ ಜಾಲಾಡಿದಳು. ನೂರ ಎಂಬತ್ತಾರು ಮಂದಿಯ ಒಂದೊಂದು ದಿನವನ್ನೂ ಬರೆದ ಕೈ ಒಂದು ದಿನವೂ ತನ್ನ ಹೆಸರು ಬರೆದಿರಲಿಲ್ಲ.

"ಅಯ್ಯೋ, ಇವರೊಬ್ಬರೇ ಇಲ್ಲ," ಎಂದಳು.

"ಹಾಗಾದ್ರೆ ನಾಳೆಯಿಂದ ಹೊಸಬ ಇವನೊಬ್ಬನೇ," ಎಂದು ಮ್ಯಾನೇಜರು ಕಟ್ಟಿನಿಂದ ಒಂದು ಅರ್ಜಿ ಎಳೆದು ಅವನ ಮಡಿಲಿಗೆ ಎಸೆದರು. "ಆರು ತಿಂಗಳು ನೋಡ್ತೀನಿ. ಸರಿಯಾಗಿ ನಡ್ಕೊಂಡ್ರೆ ಉಳೀತೀಯ. ಈಗ ಏಳು, ಆ ಎರಡು ಪೆನ್‌ಡ್ರೈವ್ ಕಿತ್ತು ತಾ."

ಹಾಜರಿಯಣ್ಣ ಅಭ್ಯಾಸಬಲದಿಂದ ಎದ್ದು ನಿಂತ. ಅರ್ಜಿಯನ್ನು ಓದಿದ. ಗೋಡೆಯ ಕ್ಯಾಲೆಂಡರು ನೋಡಿದ. ಕಡತ ಒಪ್ಪಿಸುವಾಗ ತಾರೀಖು ಸರಿನೋಡುವ ಗುಮಾಸ್ತನ ನೋಟ ಅದು.

"ನಾನು ನಾಳೆಯಿಂದ ಹೊಸಬ ಅಲ್ವಾ ಸಾರ್?"

"ಹೌದು."

"ಹಿಂದಿಂದು ಯಾವುದೂ ಇಲ್ಲ."

"ಇಲ್ಲ ಅಂತ ಆಯ್ತಲ್ಲಯ್ಯಾ. ತಾ."

"ಇವತ್ತು ಭಾನುವಾರ ಸಾರ್. ನಾನಿನ್ನೂ ನಿಮ್ಮಲ್ಲಿ ಕೆಲಸಕ್ಕೆ ಸೇರಿಲ್ಲ," ಎಂದ ಹಾಜರಿಯಣ್ಣ. "ತರಲ್ಲ."