ಸ್ಮಾರ್ಟ್ ಕ್ಲಾಸಿಗೆ ಹಿಡಿದ ಗ್ರಹಣ

ನಮ್ಮ ಕಡೆ ಇಂಟರ್ನೆಟ್ಟಿನಲ್ಲಿ ಆಕಾಶ ತೋರಿಸಲು ಹೋದಾಗಲೆಲ್ಲ ಯಾರಾದರೊಬ್ಬರು ಹೆದರಿಕೊಳ್ಳುತ್ತಾರೆ. ಅವರು ಹೆದರಿದ್ದನ್ನು ನೋಡಿ ನಾನು ಇನ್ನೂ ಹೆದರುತ್ತೇನೆ. ನಾನು ಅಜ್ಜಂಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ದೂರದರ್ಶಕ ಇಲ್ಲದ ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸ್ ಕೋಣೆಯ ಪರದೆಯೇ ನಮ್ಮ ಆಕಾಶ. ಅದರ ಬೀಗದ ಕೈಯನ್ನು ಹೆಡ್‌ಮಾಸ್ತರು ಒಲ್ಲದ ಮನಸ್ಸಿನಿಂದ ಕೊಟ್ಟು, "ಊರಿನವರಿಂದ ದೂರು ಬಂತೋ, ಕ್ಲಾಸು ಬಂದ್" ಎಂದಿದ್ದರು. ಸ್ವಭಾವತಃ ನಾನು ಪುಕ್ಕಲಿ. ಅಂದಿನಿಂದ ಶಾಲೆಯ ಗೇಟು ಸದ್ದಾದರೂ ಯಾರು ದೂರು ತಂದರೋ ಎಂದು ಕಿಟಕಿಗೆ ಓಡುತ್ತಿದ್ದೆ.

ಬಸ್ಸಿನ ಗಾತ್ರದ ಕಲ್ಲು

ಭೂಮಿಯ ಹತ್ತಿರ ಹಾದುಹೋಗುವ ಬಾಹ್ಯಾಕಾಶದ ಕಲ್ಲುಗಳನ್ನು ತೋರಿಸುವ ವೆಬ್‌ಸೈಟೊಂದನ್ನು ಮನೆಯಲ್ಲಿ ನೋಡಿಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳಿದ್ದೆ. ಮಾರನೇ ದಿನ ಬೆಳಿಗ್ಗೆ ಒಬ್ಬಳು ಹುಡುಗಿಯ ತಂದೆ, ಕೊಬ್ಬರಿ ವ್ಯಾಪಾರದವರು, ಬೆವರುತ್ತಾ ಬಂದರು.

"ಮೇಡಂ, ಮಗಳನ್ನ ಕಳ್ಸಿಕೊಡಿ. ಸಖರಾಯಪಟ್ಟಣಕ್ಕೆ ಅವಳ ಅಜ್ಜಿ ಮನೇಲಿ ಬಿಟ್ಟು ಬತ್ತೀನಿ."

"ಯಾಕ್ರೀ?"

"ಬಸ್ಸಿನಷ್ಟು ದೊಡ್ಡ ಕಲ್ಲು ಬತ್ತಾ ಐತಂತೆ."

"ಅದು ಚಂದ್ರನಿಗಿಂತ ಎಷ್ಟೋ ದೂರದಲ್ಲಿ ಹೋಗುತ್ತೆ. ಒಂದು ವೇಳೆ ಬಿದ್ದರೂ ಸಖರಾಯಪಟ್ಟಣ ಮಾತ್ರ ಉಳಿಯುತ್ತಾ?"

ಅವರು ಫೋನು ಮುಂದೆ ಹಿಡಿದರು. ಪುಟದ ತಲೆಯ ಮೇಲೆ 'ಅಜ್ಜಂಪುರ' ಎಂದಿತ್ತು. "ನೋಡಿ, ಸಖರಾಯಪಟ್ಟಣದ ಹೆಸರೇ ಇಲ್ಲ!"

ಹೆಡ್‌ಮಾಸ್ತರ ಕೋಣೆಯ ಕಿಟಕಿ ತೆರೆದಿತ್ತು. ನಾನು ದನಿ ತಗ್ಗಿಸಿ, "ಅದು ಕಲ್ಲು ಬೀಳೋ ಊರಲ್ಲ. ಫೋನು ಎಲ್ಲಿರುತ್ತೋ ಆ ಊರಿನ ಹೆಸರು ತೋರಿಸುತ್ತೆ ಅಷ್ಟೇ" ಎಂದೆ.

ಅವರ ಮುಖ ಅರಳಿತು. "ಅಷ್ಟೇನಾ? ಮಗಳು ಇಲ್ಲೇ ಇರ್ಲಿ ಬಿಡಿ" ಎಂದವರು ಫೋನನ್ನು ನನ್ನ ಕೈಗಿಟ್ಟರು. "ಆ ಕಲ್ಲು ಹೋಗೋವರ್ಗೂ ಇದು ನಿಮ್ಮನೇಲಿರ್ಲಿ."

ಬ್ರೇಕಿಲ್ಲದ ಗಾಡಿ

ನನ್ನ ಮನೆ ತರೀಕೆರೆಯಲ್ಲಿ. ಹೆಡ್‌ಮಾಸ್ತರ ಮನೆಯೂ ಎದುರಿಗೇ ಇರುವುದು ನನ್ನ ಹಣೆಬರಹ. ಪಕ್ಕದ ಮನೆಯಲ್ಲಿ ವಯಸ್ಸಾದ ಚಾಚಾ ಇದ್ದಾರೆ. ಬಸ್ಸು ರಿಪೇರಿ ಮಾಡಿ ಜೀವನ ಕಳೆದವರು. ಒಂದು ಸಂಜೆ ನನ್ನ ಫೋನಿನ ಆಪ್, ಬಾಹ್ಯಾಕಾಶ ನಿಲ್ದಾಣ ಇನ್ನೇನು ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತದೆ ಎಂದು ತಿಳಿಸಿತು. ಚಾಚಾಗೂ ತೋರಿಸೋಣವೆಂದು ನಮ್ಮ ತಾರಸಿಗೆ ಕರೆದೆ.

"ಅದರಲ್ಲಿ ಜನ ಅವ್ರಾ, ಟೀಚರಮ್ಮ?"

"ಇದ್ದಾರೆ ಚಾಚಾ."

"ಓಡ್ಸೋರು ಯಾರು?"

"ಯಾರೂ ಓಡಿಸಲ್ಲ, ತಾನಾಗೇ ಸುತ್ತುತ್ತೆ."

"ಬ್ರೇಕು?"

"ಇಲ್ಲ."

"ಯಾ ಅಲ್ಲಾ!" ಎಂದ ಚಾಚಾ ಮೆಟ್ಟಿಲಿಳಿದು ಮಾಯವಾದರು. ನಾನು ಆಕಾಶದ ಕಡೆ ಮುಖ ಮಾಡಿ, ಸದ್ದಿಲ್ಲದೆ ಸಾಗುವ ಆ ಬೆಳಕನ್ನು ನೋಡುತ್ತಾ ನಿಂತುಬಿಟ್ಟೆ. ಕೆಳಗೆ ಹೆಡ್‌ಮಾಸ್ತರು ಕೂಗಿದಾಗಲೇ ಎಚ್ಚರವಾದದ್ದು. ಅವರ ಸ್ಕೂಟರು ಬೀದಿಯಲ್ಲಿತ್ತು. ಅವರ ಆರ್‌ಸಿಸಿ ಚಾವಣಿಯ ಶೆಡ್ಡಿನೊಳಗೆ ಚಾಚಾರ ಓಮ್ನಿ ವ್ಯಾನು ಕೂತಿತ್ತು.

"ಏನ್ರೀ ಇದು?"

"ಮೇಲೆ ಬ್ರೇಕಿಲ್ದೇ ಇರೋ ಗಾಡಿ ಬತ್ತಾ ಐತಂತೆ, ಟೀಚರಮ್ಮನೇ ಹೇಳಿದ್ರು. ನಂದು ಈಗ ತಾನೇ ಪೇಂಟ್ ಮಾಡ್ಸಿದ್ದು ಸಾರ್. ನಿಮ್ದು ಹೆಂಗೂ ಹಳೇದು."

ಹೆಡ್‌ಮಾಸ್ತರು ತಲೆಯೆತ್ತಿ ನನ್ನನ್ನು ನೋಡಿದರು. "ಇನ್ನೊಂದು ಸಲ ಹೀಗಾದ್ರೆ ಬೀಗದ ಕೈ ನನ್ನ ಟೇಬಲ್ ಮೇಲಿರ್ಬೇಕು" ಎಂದರು. ಆ ನಿಲ್ದಾಣ ನನ್ನ ತಲೆ ಮೇಲೇ ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸಾರಿನ ಪಾತ್ರೆಯ ಮೇಲೆ ಗರಿಕೆ

ಆಮೇಲೆ ಬಹಳ ಹುಷಾರಾದೆ. ಯಾರಿಗೂ ತೊಂದರೆ ಕೊಡದ ಒಂದು ವಿಡಿಯೋ ಹುಡುಕಿದೆ. ಬೇರೆ ಯಾವುದೋ ದೇಶದಲ್ಲಿ ಎಂದೋ ಆಗಿಹೋದ ಪೂರ್ಣ ಸೂರ್ಯಗ್ರಹಣ. ಊಟದ ಬೆಲ್ಲಿಗೆ ಮೊದಲು ಪರದೆಯ ಮೇಲೆ ಸೂರ್ಯ ಅರ್ಧ ಕಪ್ಪಾಗಿದ್ದ. ಬಿಸಿಯೂಟದ ಅಡುಗೆಯ ಅಕ್ಕ ಕಿಟಕಿಯಿಂದ ಇಣುಕಿ ಹೋದರು.

ಬೆಲ್ಲಾಯಿತು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತರು. ಊಟ ಮಾತ್ರ ಬರಲಿಲ್ಲ. ಹೋಗಿ ನೋಡಿದರೆ ಅನ್ನ, ಸಾರಿನ ಪಾತ್ರೆಗಳ ಮೇಲೆ ಗರಿಕೆ!

"ಅಕ್ಕಾ, ಅದು ಹಳೇ ವಿಡಿಯೋ. ಹೊರಗೆ ನೋಡಿ, ಬಿಸಿಲು ಹೇಗಿದೆ!"

"ಎಲ್ಲಾ ದೇಶಕ್ಕೂ ಸೂರ್ಯ ಒಬ್ನೇ ಅಲ್ವಾ ಮೇಡಂ? ಕಣ್ಣಾರೆ ಕಂಡ್ಮೇಲೆ ಹೆಂಗೆ ಬಡಿಸ್ಲಿ? ಮಕ್ಕಳಿಗೆ ಏನಾದ್ರೂ ಆದ್ರೆ?"

"ಹಾಗಾದರೆ ಆರಿಸಿಬಿಡ್ತೀನಿ."

"ಅಯ್ಯೋ! ಹಿಡಿದಿರೋವಾಗ ಆರ್ಸಿದ್ರೆ ಬಿಟ್ಟಿದ್ದು ಹೆಂಗ್ ಗೊತ್ತಾಗ್ಬೇಕು?"

ತಟ್ಟೆ ಬಡಿಯುವ ಸದ್ದಿಗೆ ಹೆಡ್‌ಮಾಸ್ತರು ಬಂದೇಬಿಟ್ಟರು. ಮಕ್ಕಳು ಹಸಿದು ಮನೆಗೆ ಹೋದರೆ ದೂರಿನ ಮಳೆಯೇ ಸುರಿಯುತ್ತದೆ. ಓಡಿಹೋಗಿ ವಿಡಿಯೋವನ್ನು ಕೊನೆಗೆ ಎಳೆದೆ. ಕಣ್ಣು ಮಿಟುಕಿಸುವುದರೊಳಗೆ ಸೂರ್ಯ ಪೂರ್ತಿ ಹೊರಬಂದ. ಅಕ್ಕ ಕಿಟಕಿಯಿಂದ ನೋಡಿ ಕೈಮುಗಿದು, ಗರಿಕೆ ತೆಗೆದು ಬಡಿಸತೊಡಗಿದರು. ಹೆಡ್‌ಮಾಸ್ತರು ಎಲ್ಲವನ್ನೂ ನೋಡಿ ತಮ್ಮ ಕೋಣೆಗೆ ಹೋದರು.

ಊಟವಾದ ಮೇಲೆ ಅವರ ಕೋಣೆಯಿಂದ ಕರೆ ಬಂತು. ಬೀಗದ ಕೈ ಹಿಡಿದುಕೊಂಡೇ ಹೋದೆ. ಅವರು ಎದ್ದು ಬಾಗಿಲು ಮುಂದೆ ಮಾಡಿದರು.

"ಕ್ಲಾಸು ನಿಲ್ಲಿಸ್ಬೇಡಿ ಮೇಡಂ" ಎಂದರು, ದನಿ ತಗ್ಗಿಸಿ. "ನಮ್ಮನೇಲಿ ಗ್ರಹಣ ಬಿಡೋವರೆಗೂ ಒಂದು ತುತ್ತು ಕೊಡಲ್ಲ. ನನಗೆ ಶುಗರ್ ಬೇರೆ ಇದೆ. ಮುಂದಿನ ಗ್ರಹಣದ ದಿನ ಸ್ವಲ್ಪ ನಮ್ಮನೆಗೆ ಬಂದು ಹೀಗೇ ಬೇಗ ಬಿಡಿಸಿಕೊಡ್ತೀರಾ?"