ಡಾಕ್ಟರ್ ಅಂಕಲ್ ಜೊತೆ ಖಾಲಿ ಊರಿಗೆ

ಹಿರಿಯರು ಏನೇ ಕೇಳಲಿ, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ “ಅದಕ್ಕೇನಂತೆ” ಎಂದುಬಿಡುವುದು ನನಗಂಟಿದ ರೋಗ. ಎರಡು ಸಾವಿರದ ಮೂರರ ವಸಂತದಲ್ಲಿ, ಫ್ಲೂಗರ್‌ವಿಲ್‌ನ ನಮ್ಮ ಪಕ್ಕದ ಬೀದಿಯ ನಿವೃತ್ತ ಡಾಕ್ಟರ್ ಅಂಕಲ್ “ನನ್ನ ಒಂದ್ ಊರಿಗೆ ಕರ್ಕೊಂಡ್ ಹೋಗ್ತೀಯೇನಪಾ?” ಎಂದಾಗಲೂ ಹಾಗೇ ಆಯಿತು. ಊರು ಏಳು ಗಂಟೆಯ ದಾರಿ, ಪಶ್ಚಿಮದ ಮರುಭೂಮಿಯಲ್ಲಿದೆ, ಅಲ್ಲೀಗ ನರಪಿಳ್ಳೆಯೂ ಇಲ್ಲ ಎಂಬುದು ತಿಳಿದದ್ದು ಶನಿವಾರ ನಸುಕಿನಲ್ಲಿ ಕಾರು ಹೊರಟ ಮೇಲೆ.

ಧಾರವಾಡದಿಂದ ಈ ದೇಶಕ್ಕೆ ಬಂದ ಹೊಸದರಲ್ಲಿ ಅಂಕಲ್‌ಗೆ ಸಿಕ್ಕ ಮೊದಲ ಕೆಲಸ ಆ ಊರಿನದು. ಸುತ್ತಲಿನ ರ‍್ಯಾಂಚ್‌ಗಳ ದನಗಳನ್ನು ಅಲ್ಲಿಂದ ರೈಲಿಗೆ ಹತ್ತಿಸುತ್ತಿದ್ದರಂತೆ. ಆಮೇಲೆ ಲಾರಿಗಳು ಬಂದವು, ರೈಲು ನಿಲ್ಲುವುದು ಬಿಟ್ಟಿತು, ಜನ ಒಬ್ಬೊಬ್ಬರಾಗಿ ಎದ್ದುಹೋದರು. ನಾವು ತಲುಪಿದಾಗ ಮುರಿದ ದನದ ದೊಡ್ಡಿ, ತುಕ್ಕು ಹಿಡಿದ ನೀರಿನ ಟ್ಯಾಂಕು, ಸೂರಿಲ್ಲದ ಒಂದು ಗೋಡೆ. ಗೋಡೆಯೇ ಅಂಕಲ್‌ರ ಕ್ಲಿನಿಕ್. ನಾನು ಕ್ಯಾಮೆರಾ ತೆಗೆದು, “ಅಂಕಲ್, ಸ್ವಲ್ಪ ನಗಿ” ಎಂದೆ. ಇಂಥ ಮಾತು ನನಗೆ ಸರಿಯಾದ ಸಮಯಕ್ಕೇ ಹೊಳೆಯುತ್ತದೆ. ಅವರು ನಗದೆ ಸ್ಮಶಾನದ ಕಡೆ ನಡೆದರು.

ಅಲ್ಲಿ ಮುದುಕಿಯೊಬ್ಬಳು ಪುಟ್ಟ ಸಮಾಧಿಯ ಸುತ್ತ ಕಳೆ ಕೀಳುತ್ತಿದ್ದಳು. ಪ್ರತಿ ಕ್ರಿಸ್‌ಮಸ್‌ಗೂ ಅಂಕಲ್‌ಗೆ ಕಾರ್ಡು ಕಳಿಸುವವಳು ಅವಳೇ. ನನ್ನ ಮಗು ಹೋದ ದಿನ ಅಲ್ಲಿಗೆ ಬರುತ್ತೇನೆ, ನೀವೂ ಬನ್ನಿ ಎಂದು ಈ ಸಲ ಬರೆದಿದ್ದಳಂತೆ.

“ಡಾಕ್, ಬಂದ್ರಾ?” ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಅಂಕಲ್ ಟೋಪಿ ತೆಗೆದರು. “ನಿಮಗೊಂದು ಹೇಳಬೇಕು. ನೀವು ಮಗೂನ ಕ್ಲಿನಿಕ್‌ಗೆ ತಂದ ಆ ಸಂಜೆ, ನಾನು ಆಮೇಲೆ ಹೇಳಿದ ಹಾಗೆ, ಬೇರೆ ರೋಗಿ ನೋಡೋಕೆ ಹೋಗಿರಲಿಲ್ಲ. ಪಕ್ಕದ ಪಟ್ಟಣದಲ್ಲಿ ಸಿನಿಮಾ ನೋಡ್ತಾ ಕೂತಿದ್ದೆ.”

“ಗೊತ್ತು,” ಎಂದಳು ಅವಳು. “ಆ ಥಿಯೇಟರಿನಲ್ಲಿ ಟಿಕೆಟ್ ಕೊಡ್ತಿದ್ದವನು ನನ್ನ ತಮ್ಮ.”

“ಹಾಗಾದ್ರೆ ಇಷ್ಟು ವರ್ಷ ಕಾರ್ಡು?”

“ಮೊದಲ ಎರಡು ವರ್ಷ ಕಳಿಸಲಿಲ್ಲವಲ್ಲ. ಸಿಟ್ಟಿತ್ತು. ಬನ್ನಿ, ಆ ಕಡೆಯ ಕಳೆ ಕೀಳಿ. ನನಗೆ ಮಂಡಿ ಬಗ್ಗಲ್ಲ.”

ಎಪ್ಪತ್ತರ ಅಂಕಲ್ ಮಣ್ಣಿನಲ್ಲಿ ಕೂತು ಕಳೆ ಕಿತ್ತರು. ನಾನು ಕ್ಯಾಮೆರಾ ಕಾರಿನಲ್ಲಿಟ್ಟು ಬಂದು ಅವರ ಪಕ್ಕದಲ್ಲಿ ಕೂತೆ.

ವಾಪಸು ಬರುವಾಗ ಅಂಕಲ್ ಬಾಯಿ ತೆರೆದು ಮಗುವಿನಂತೆ ನಿದ್ದೆ ಹೋದರು. ಎಚ್ಚರವಾಗದಿರಲಿ ಎಂದು ನಾನು ಹೈವೇಯಲ್ಲಿ ಎತ್ತಿನಗಾಡಿಯ ಹಾಗೆ ಹೋಗುತ್ತಿದ್ದೆ. ಹಿಂದಿನಿಂದ ಪೊಲೀಸಿನ ದೀಪ ಮಿನುಗಿತು. ನಿಧಾನಕ್ಕೂ ಹಿಡಿಯುತ್ತಾರೆಂದು ನನಗೆ ಗೊತ್ತಾದದ್ದು ಆಗಲೇ. ಕಾರು ನಿಲ್ಲಿಸಿ, ಕಿಟಕಿಯ ಬಳಿ ಬಂದ ಪೊಲೀಸಿನವನಿಗೆ ನಾನು ತುಟಿಯ ಮೇಲೆ ಬೆರಳಿಟ್ಟು ಪಕ್ಕದ ಸೀಟು ತೋರಿಸಿದೆ. ಆತ ಇಣುಕಿ ನೋಡಿ, ಪಿಸುಮಾತಿನಲ್ಲೇ ನನಗೆ ಐದು ನಿಮಿಷ ಬೈದು ಹೋದ.