ಕಂಬಳಿಯೊಳಗಿನ ಬೆಳಕು

ನನಗಾಗ ಅರವತ್ತೇಳು; ಈಗ್ಗೆ ಎರಡು ವರ್ಷವಾಯಿತು. ರಾಯದುರ್ಗಕ್ಕೆ ಕೊಟ್ಟ ನನ್ನ ತಂಗಿಗೆ ಒಬ್ಬಳು ಮಗಳಿದ್ದಾಳೆ. ಅವಳಷ್ಟು ಓದಿದವರು ನಮ್ಮ ವಂಶದಲ್ಲಿಲ್ಲ, ಅವಳಷ್ಟು ಹುಚ್ಚರೂ ಇಲ್ಲ! ನೆಂಟರ ಮನೆಗೆ ಬರುವವರು ಹಣ್ಣು ತರುತ್ತಾರೆ, ಹೂ ತರುತ್ತಾರೆ. ಇವಳು ಮಡಕಶಿರದಲ್ಲಿ ಬಸ್ಸಿಳಿದು ಬಂದದ್ದು ಒಂದು ಪೆಟ್ಟಿಗೆ ಬೆಳಕು ಹೊತ್ತುಕೊಂಡು.

"ದೊಡ್ಡವ್ವ, ನಿಮ್ಮ ರೇಷ್ಮಿ ಹುಳಕ್ಕ ಗಂಟುರೋಗ ಐತೇನಂತ ಇದು ಹೇಳ್ತೈತ್ರಿ."

"ಅದನ್ನ ಹೇಳಕ್ಕೆ ನಾನಿಲ್ವೇನೇ? ಮೈಮೇಲೆ ಕರಿ ಚುಕ್ಕೆ ಬಿದ್ರೆ ರೋಗ."

"ಚುಕ್ಕಿ ಬೀಳೋದ್ರಾಗ ಎಲ್ಲಾ ತಟ್ಟಿಗೂ ಹತ್ತಿರ್ತೈತ್ರಿ!"

ಮಾತು ಸರಿಯೇ. ಹಿಂದಿನ ಸಲದ ಹುಳದ ಬೆಳೆಯನ್ನು ಹಾಗೇ ಪೂರ್ತಿ ಗುಂಡಿಗೆ ಸುರಿದಿದ್ದೆ. ಈ ಸಲದ ಹನ್ನೆರಡು ತಟ್ಟೆಯೂ ಹೋದರೆ ಹಿಪ್ಪುನೇರಳೆ ಕಿತ್ತು ಕಡಲೆಕಾಯಿ ಹಾಕುವುದೇ ಎಂದು ಮಗ ಹೇಳಿಬಿಟ್ಟಿದ್ದ.

ಆದರೂ ಅವಳನ್ನು ಹುಳದ ಮನೆಯೊಳಕ್ಕೆ ಬಿಡಲಿಲ್ಲ. ಕಾಲಲ್ಲಿ ರೋಗ ಬಂದೀತೆಂದು ಹೊರಗಿನವರು ಅಲ್ಲಿಗೆ ಕಾಲಿಡಬಾರದು. ನನ್ನ ಸ್ವಂತ ಅಳಿಯನೇ ಹನ್ನೊಂದು ವರ್ಷದಿಂದ ಬಾಗಿಲಾಚೆ ನಿಂತು ಮಾತಾಡಿಸಿ ಹೋಗುತ್ತಾನೆ! ಇವಳನ್ನು ಜಗಲಿಯಲ್ಲಿ ಕೂರಿಸಿದೆ. ಕತ್ತಲು ಬೇಕೆಂದಳು. ಕಂಬಳಿ ಹೊದಿಸಿದೆ. ಏಪ್ರಿಲ್ ಬಿಸಿಲು! ಒಳಗೆ ಅವಳು, ಪೆಟ್ಟಿಗೆ, ಲ್ಯಾಪ್‌ಟಾಪು. ಪಕ್ಕದ ಮನೆಯಾಕೆ ಕಂಡು ನಿಂತಳು.

"ಏನಕ್ಕಾ, ಹುಡ್ಗಿಗೆ ಶೀತವಾ? ಆವಿ ಕೊಡ್ತಿದೀಯಾ?"

"ಇಲ್ಲ ಕಣೇ, ಕಾವಿಗೆ ಕೂರ್ಸಿದೀನಿ. ಮರಿಯಾದ್ರೆ ನಿಂಗೂ ಒಂದು."

ಕಂಬಳಿಯೊಳಗಿಂದಲೇ ಪಾಠ ಬಂತು. "ಎಲ್ಲಾ ಜೀವದಾಗೂ ಅದರದೇ ಒಂದು ಎಳಿ ಇರ್ತೈತ್ರಿ, ಡಿಎನ್‌ಎ ಅಂತ. ರೋಗ ತರೋ ಜೀವದ ಎಳಿ ಈ ಗಾಜಿನ ಮ್ಯಾಲಿನ ಬಂಗಾರದ ಕಣಕ್ಕ ಅಂಟಿತಂದ್ರ, ಬೆಳಕಿನ ಬಣ್ಣ ಒಂದೀಟು ಜರಗತೈತ್ರಿ."

ಎಳೆಯ ವಿಷಯ ರೇಷ್ಮೆಯವಳಿಗೆ ಹೇಳಬೇಕೆ? ಅನುಮಾನ ಬಂದದ್ದು ಬಂಗಾರದ ಮೇಲೆ. ಕಣ್ಣಿಗೆ ಕಾಣುತ್ತದೆಯೇ? ಇಲ್ಲವಂತೆ! ಒಂದು ಕೂದಲನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟಂತೆ. ಕಾಣದ ಬಂಗಾರವನ್ನು ಯಾವ ಹೆಂಗಸು ನಂಬುತ್ತಾಳೆ?

ಪರೀಕ್ಷೆ ಮಾಡುವವಳನ್ನೇ ಪರೀಕ್ಷೆ ಮಾಡಿದೆ. ತಟ್ಟೆಗೊಂದು ಶೀಶೆಯಂತೆ ಹುಳ ಕೇಳಿದ್ದಳು. ಹನ್ನೆರಡರ ಜೊತೆ ಹದಿಮೂರನೆಯದನ್ನೂ ಇಟ್ಟೆ. ಅದು ಪಕ್ಕದ ಮನೆಯಾಕೆ ಗಂಟುರೋಗವೆಂದು ಹೂಳಲು ತೆಗೆದಿಟ್ಟಿದ್ದ ಹುಳ. ನಾನು ಮುಟ್ಟದೆ, ಆ ಪಕ್ಕದ ಮನೆಯಾಕೆಯ ಕೈಯಲ್ಲೇ ಶೀಶೆಗೆ ಹಾಕಿಸಿ ಜಗಲಿಗೆ ತರಿಸಿದ್ದೆ.

ಸಂಜೆಗೆ ಕಂಬಳಿ ಸರಿಯಿತು. ಬೆವರಿಗೆ ಅವಳ ಕೂದಲು ಹಣೆಗೆ ಅಂಟಿತ್ತು.

"ಹದಿಮೂರನೇದಕ್ಕ ರೋಗ ಐತ್ರಿ."

ನಾನು ನಕ್ಕಿದ್ದೇ ನಕ್ಕಿದ್ದು! "ಅದು ನನ್ನ ಹುಳಾನೇ ಅಲ್ವೇ, ಹುಚ್ಚಿ! ನಿನ್ನ ಪೆಟ್ಗೆ ಪಾಸು!"

ಅವಳು ನಗಲಿಲ್ಲ. "ಐದನೇದಕ್ಕೂ ಐತ್ರಿ."

ಐದನೆಯದು ನನ್ನದೇ. ಒಂದು ಚುಕ್ಕೆಯಿಲ್ಲ; ಎಲ್ಲಕ್ಕಿಂತ ಹೆಚ್ಚು ಸೊಪ್ಪು ತಿನ್ನುತ್ತಿದ್ದ ತಟ್ಟೆ. ಪೆಟ್ಟಿಗೆ ಪಾಸೆಂದವಳು ನಾನೇ. ಈಗ ಫೇಲೆನ್ನುವುದು ಹೇಗೆ?

"ಮಿಕ್ಕಿದ್ದು?"

"ಹನ್ನೊಂದೂ ಚೆಂದ ಅದಾವ್ರಿ. ಇದೊಂದು ತಗದುಬಿಡ್ರಿ." ಆಮೇಲೆ ಕಂಬಳಿ ಮಡಚುತ್ತಾ ಹೇಳಿದಳು: "ಆರು ವರ್ಷ, ಈ ಪೆಟ್ಟಿಗಿ ಖರೆ ಹೇಳ್ಲಿ ಅಂತ ಒದ್ದಾಡೀನ್ರಿ ದೊಡ್ಡವ್ವ. ಇವತ್ತ ಐದನೇದನ್ನ ಮೂರು ಸಲ ನೋಡಿದೆ, ಸುಳ್ಳಾಗ್ಲಿ ಅಂತ."

ಅವಳ ಕಣ್ಣು ಕೆಂಪಾಗಿತ್ತು. ಬೆಳಕು ನೋಡಿಯೋ ಏನೋ.

ಮರುದಿನ ಬೆಳಗ್ಗೆ ಐದನೇ ತಟ್ಟೆಯ ಹುಳಕ್ಕೆಲ್ಲ ಸುಣ್ಣ ಸುರಿದು ಹೂತೆ. ಮೈ ತೊಳೆದು ಬಂದು, ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರನ್ನು ಅವಳ ಕಾಲಿಗೆ ನಾನೇ ಹಾಕಿ, "ಬಾರೇ ಒಳಗೆ" ಎಂದೆ.